ಹೆಬ್ಬೆರಳು ಅಲ್ಲಾಡುವ ಹೊತ್ತು

“ಎಲ್ಲಿ ಅಜ್ಜಾ, ಹೆಬ್ಬೆರಳು ಅಲ್ಲಾಡಿಸಿ ನೋಡೋಣ” ಎಂದರು ಸಿಸ್ಟರ್.

ಚಿಕ್ಕಪ್ಪ ಹೊದಿಕೆಯಾಚೆ ಚಾಚಿಕೊಂಡಿದ್ದ ತಮ್ಮ ಪಾದವನ್ನೇ ದಿಟ್ಟಿಸಿದರು. ಹುಬ್ಬು ಗಂಟಿಕ್ಕಿತು, ಕುತ್ತಿಗೆಯ ನರ ಉಬ್ಬಿತು, ಬೆರಳು ಮಾತ್ರ ಮಿಸುಕಲಿಲ್ಲ. “ಇದು ನನ್ನ ಕಾಲೇ ಹೌದೋ ಅಲ್ಲವೋ, ಸರಿಯಾಗಿ ನೋಡು ಮಾರಾಯ್ತಿ” ಎಂದರು. ಪಕ್ಕದ ಹಾಸಿಗೆಯವರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಬೆಳಗ್ಗೆ ಹತ್ತಕ್ಕೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಹರ್ನಿಯಾ ಆಪರೇಷನ್ನು ನಲವತ್ತು ನಿಮಿಷದಲ್ಲಿ ಮುಗಿದಿತ್ತು. ಈಗ ಹನ್ನೆರಡೂವರೆ. ಸಂಜೆ ಐದರ ಬಸ್ಸು ಹಿಡಿದರೆ ರಾತ್ರಿಯೂಟಕ್ಕೆ ಊರು. ಬೆಳಗ್ಗೆ ಬಂದು ಸಂಜೆ ಹೋಗುವ ಡೇ ಕೇರ್ ಆಪರೇಷನ್ ಎಂದು ಡಾಕ್ಟರೇ ಹೇಳಿದ್ದರಲ್ಲ.

ಹೆಬ್ಬೆರಳು ಒಂದು ಗಂಟೆಗೆ ಅಲ್ಲಾಡಿತು. ಎರಡೂವರೆಗೆ ನನ್ನ ಹೆಗಲು ಹಿಡಿದು ಎದ್ದು ನಿಂತರು. ಆದರೆ ಮೂತ್ರ ಬರಲಿಲ್ಲ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದ್ದಾಯಿತು, ಎಳನೀರು ಕುಡಿಸಿದ್ದಾಯಿತು. ಎಳನೀರು ಕುಡಿಸಿದ್ದು ತಪ್ಪೆಂದು ಆಮೇಲೆ ಗೊತ್ತಾಯಿತು. ಐದರ ಬಸ್ಸು ಹೋಯಿತು. ಆರರ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಿನಂತಾಗಿ, ನಳಿಗೆ ಹಾಕಿ ಮೂತ್ರ ತೆಗೆದರು. ಆ ರಾತ್ರಿ ಅವರು ಮಂಚದ ಮೇಲೆ, ನಾನು ಮಂಚದ ಕೆಳಗೆ.

ಅರಿವಳಿಕೆಯಲ್ಲಿ ಯಾವ ತಪ್ಪೂ ಆಗಿರಲಿಲ್ಲ. ಅದು ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲ, ಅಷ್ಟೇ. ನೋವು ತಿಳಿಯದಂತೆ ಮಾಡುವ ವಿದ್ಯೆ ಮನುಷ್ಯನಿಗೆ ದಕ್ಕಿ ನೂರು ವರ್ಷಕ್ಕೂ ಮೇಲಾಯಿತು. ಬೇಕಾದಷ್ಟೇ ಹೊತ್ತು ಹಾಗೆ ಇಡುವುದು ಈಗಲೂ ಪೂರ್ತಿ ಕೈವಶವಾಗಿಲ್ಲ. ಈ ಅಧ್ಯಾಯ ಆ ಹೊತ್ತಿನ ಲೆಕ್ಕದ ಬಗ್ಗೆ.

ಚಿಕ್ಕಪ್ಪನಿಗೆ ಕೊಟ್ಟದ್ದು ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಬರೀ ‘ಹೆವಿ’ ಎಂದು ಕರೆಸಿಕೊಳ್ಳುವ ಮದ್ದು. ಪೂರ್ತಿ ಹೆಸರು ಹೈಪರ್‌ಬೇರಿಕ್ ಬ್ಯುಪಿವಕೇನ್. ಗಾಜಿನ ಆಂಪೂಲಿನಲ್ಲಿ ನಾಲ್ಕು ಮಿ.ಲೀ. ಇರುತ್ತದೆ. ಪ್ರತಿ ಮಿ.ಲೀ.ನಲ್ಲಿ 5 ಮಿಲಿಗ್ರಾಂ ಮದ್ದು, 80 ಮಿಲಿಗ್ರಾಂ ಡೆಕ್ಸ್‌ಟ್ರೋಸ್ ಸಕ್ಕರೆ. ಮದ್ದಿಗಿಂತ ಹದಿನಾರು ಪಟ್ಟು ಸಕ್ಕರೆ ಯಾಕೆಂದರೆ ತೂಕಕ್ಕೆ. ಲೋಟದ ನೀರಿಗೆ ಜೋನಿಬೆಲ್ಲವನ್ನು ಮೆಲ್ಲಗೆ ಬಿಟ್ಟು ನೋಡಿ, ಕಲಕದಿದ್ದರೆ ಅದು ನೇರ ತಳಕ್ಕಿಳಿದು ಕೂರುತ್ತದೆ. ಬೆನ್ನುಹುರಿಯ ಸುತ್ತ ಇರುವ ತಿಳಿನೀರಿನಂಥ ದ್ರವದಲ್ಲೂ ಹಾಗೇ. ಸಕ್ಕರೆ ಬೆರೆತ ಮದ್ದು ತಗ್ಗು ಹುಡುಕಿಕೊಂಡು ಹೋಗುತ್ತದೆ. ಇಂಜೆಕ್ಷನ್ ಕೊಟ್ಟು ಕೆಲವು ನಿಮಿಷ ಕೂರಿಸಿಯೇ ಇಟ್ಟರೆ ಮದ್ದು ಬುಡಕ್ಕಿಳಿದು ಆಸನದ ಭಾಗ ಮಾತ್ರ ಮರಗಟ್ಟುತ್ತದೆ, ಮೂಲವ್ಯಾಧಿಯ ಆಪರೇಷನ್ನಿಗೆ ಅಷ್ಟು ಸಾಕು. ಅಂಗಾತ ಮಲಗಿಸಿದರೆ ಬೆನ್ನಿನ ಬಾಗಿನಲ್ಲಿ ಹರಿದು ಮೇಲಕ್ಕೂ ಹೋಗುತ್ತದೆ. ಲಂಡನ್ನಿನ ಆರ್ಥರ್ ಬಾರ್ಕರ್ ಎಂಬ ಶಸ್ತ್ರವೈದ್ಯ 1907ರಲ್ಲೇ ಬೆನ್ನುಮೂಳೆಯ ಬಾಗಿನಂತೆ ಗಾಜಿನ ಕೊಳವೆ ಮಾಡಿಸಿ, ಭಾರದ ದ್ರಾವಣ ಎಲ್ಲಿ ನಿಲ್ಲುತ್ತದೆಂದು ನೋಡಿಕೊಂಡು ಆಮೇಲೆ ರೋಗಿಗಳಿಗೆ ಕೊಟ್ಟ. ಮೂತ್ರವೂ ನೋವೂ ವೈದ್ಯರ ಮರ್ಜಿಗೆ ಬಾರದಿದ್ದರೂ ಭೂಮಿಯ ಸೆಳೆತ ಬರುತ್ತದೆ ಎಂದು ಅವನಿಗೆ ಹೊಳೆದಿತ್ತು.

‘ಸೂಜಿ ಬೆನ್ನುಹುರಿಗೇ ಚುಚ್ಚಿಬಿಟ್ಟರೆ?’ ಎಂಬುದು ಚಿಕ್ಕಪ್ಪನ ಭಯವಾಗಿತ್ತು. ಎಲ್ಲರ ಭಯವೂ ಅದೇ. ಬೆನ್ನುಹುರಿ ಬೆನ್ನುಮೂಳೆಯ ಕೊನೆಯವರೆಗೂ ಇರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ, ಬಿಚ್ಚಿದ ಜಡೆಯ ಹಾಗೆ, ನರಗಳ ಎಳೆಗಳು ದ್ರವದಲ್ಲಿ ತೇಲುತ್ತ ಇಳಿಬಿದ್ದಿರುತ್ತವೆ. ಅರಿವಳಿಕೆ ವೈದ್ಯರು ಎರಡೂ ಕಡೆಯ ಸೊಂಟದ ಮೂಳೆಯ ಅಂಚನ್ನು ಬೆರಳಲ್ಲಿ ಮುಟ್ಟಿ, ಮನಸ್ಸಿನಲ್ಲೇ ಅಡ್ಡಗೆರೆ ಎಳೆದು, ಆ ಎಳೆಗಳಿರುವ ಕಡೆಯೇ ಸೂಜಿ ಹಾಕುತ್ತಾರೆ. ಬಹಳ ತೆಳುವಾದ ಸೂಜಿ. ಹಿಂದಿನ ತುದಿಯಲ್ಲಿ ಕನ್ನಡಿಯಂಥ ಒಂದು ಹನಿ ಮೂಡಿತೆಂದರೆ ಸರಿಯಾದ ಜಾಗ ಸಿಕ್ಕಿತು.

ಮದ್ದು ಅಲ್ಲಿ ಮಾಡುವ ಕೆಲಸ ಒಂದೇ. ನರದ ಸಂದೇಶ ಎಂದರೆ ಸೋಡಿಯಂ ಕಣಗಳು ಸಣ್ಣ ಸಣ್ಣ ಬಾಗಿಲುಗಳಿಂದ ಒಳನುಗ್ಗುವ ಅಲೆ. ಮದ್ದಿನ ಅಣು ನರದ ಎಣ್ಣೆಜಿಡ್ಡಿನ ಪೊರೆಯನ್ನು ತೂರಿ ಒಳಹೋಗಿ, ಆ ಬಾಗಿಲುಗಳಿಗೆ ಒಳಗಿನಿಂದ ಬೆಣೆ ಹೊಡೆಯುತ್ತದೆ. ಮೊದಲು ರಕ್ತನಾಳಗಳನ್ನು ಬಿಗಿಹಿಡಿಯುವ ಸಣ್ಣ ನರಗಳು ಸೋಲುತ್ತವೆ, ಆಗ ಕಾಲು ಬೆಚ್ಚಗಾಗಿ ಬಿ.ಪಿ. ಇಳಿಯುತ್ತದೆ. ಆಮೇಲೆ ತಣ್ಣನೆಯ ಅರಿವು ಹೋಗುತ್ತದೆ, ಸ್ಪಿರಿಟ್ ಹತ್ತಿ ಮುಟ್ಟಿಸಿ ‘ತಣ್ಣಗಿದೆಯಾ?’ ಎಂದು ಕೇಳುವುದು ಅದಕ್ಕೇ. ನೋವು ಹೋಗುತ್ತದೆ, ಸ್ಪರ್ಶ ಮಸುಕಾಗುತ್ತದೆ, ಕೊನೆಗೆ ಚಲನೆ ನಿಲ್ಲುತ್ತದೆ. ಕಾಲು ಮಡಚಿದ್ದಾಗ ಮರಗಟ್ಟಿದ್ದರೆ, ನೀಡಿ ಮಲಗಿಸಿದ ಮೇಲೂ ಅದು ಮಡಚಿಯೇ ಇದೆ ಎಂದು ಅನಿಸುವುದುಂಟು. ಶಸ್ತ್ರವೈದ್ಯರು ಎತ್ತಿ ಹಿಡಿದ ಕಾಲು ಕಣ್ಣಿಗೆ ಬಿದ್ದಾಗ ರೋಗಿಗೆ ಅದು ಬೇರೆ ಯಾರದೋ ಕಾಲಿನಂತೆ ಕಾಣುತ್ತದೆ. ಚಿಕ್ಕಪ್ಪ ಕೇಳಿದ್ದು ತಮಾಷೆಯ ಪ್ರಶ್ನೆಯಲ್ಲ.

ಬಿಡುಗಡೆ ಬಹುಮಟ್ಟಿಗೆ ಹಿಂದುಮುಂದಾಗಿ ನಡೆಯುತ್ತದೆ. ಬೆರಳು ಅಲ್ಲಾಡುತ್ತದೆ, ಮಂಡಿ ಮಡಚಲು ಬರುತ್ತದೆ. ಆದರೆ ಮೂತ್ರಕೋಶವನ್ನು ಆಳುವ ನರಗಳು ಸೊಂಟದ ತೀರ ಕೆಳಗಿನ ತ್ರಿಕಾಸ್ಥಿಯ ಎರಡರಿಂದ ನಾಲ್ಕನೇ ಜೋಡಿಗಳು. ಮದ್ದಿನ ಕೊನೆಯ ಕಾವಲು ಅಲ್ಲಿ. ಕಾಲು ಎದ್ದು ನಡೆಯುವಾಗಲೂ ಮೂತ್ರಕೋಶ ನಿದ್ದೆಯಲ್ಲಿರಬಹುದು, ತುಂಬಿದ್ದು ತಿಳಿಯದೆ ಹಿಗ್ಗುತ್ತಲೇ ಹೋಗಬಹುದು. ಎಳನೀರಿನ ತಪ್ಪು ಇಲ್ಲಿತ್ತು.

ಹಾಗಾದರೆ ಬ್ಯುಪಿವಕೇನ್ ಅಷ್ಟು ಹೊತ್ತು ಯಾಕೆ ನಿಲ್ಲುತ್ತದೆ? ಬೆನ್ನಿನ ದ್ರವದಲ್ಲಿ ಈ ಮದ್ದುಗಳನ್ನು ಒಡೆದು ಮುಗಿಸುವ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು. ರಕ್ತನಾಳಗಳು ಹೀರಿಕೊಂಡು ಹೋದರೆ ಮಾತ್ರ ಬಿಡುಗಡೆ. ಬ್ಯುಪಿವಕೇನ್ ಜಿಡ್ಡನ್ನು ಬಹಳ ಮೆಚ್ಚುವ ಅಣು, ಪ್ರೋಟೀನಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಹಲಸಿನ ಮೇಣ ಕೈಗೆ ಹತ್ತಿದ ಹಾಗೆ. ಹದಿನೈದು ಮಿಲಿಗ್ರಾಂ ಕೊಟ್ಟರೆ ಮೂರು ನಾಲ್ಕು ಗಂಟೆ ಕುಳಿತೀತು. ಸಿಸೇರಿಯನ್ನಿಗೆ, ತೊಡೆಮೂಳೆ ಮುರಿತಕ್ಕೆ, ಮಧ್ಯೆ ಏನಾದರೂ ಎಡವಟ್ಟಾದರೂ ಕೈಬಿಡದ ಮದ್ದು ಅದು. ನಲವತ್ತು ನಿಮಿಷದ ಕೆಲಸಕ್ಕೆ, ನನ್ನ ಅಭಿಪ್ರಾಯದಲ್ಲಿ, ಮದುವೆಗೆ ಬಂದು ತಿಂಗಳು ಕೂತ ನೆಂಟ.

ಬೇಗ ಹೋಗುವ ಒಳ್ಳೆಯ ಮದ್ದು ಇರಲಿಲ್ಲವೆಂದಲ್ಲ. ಇತ್ತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತ ಎಲ್ಲರಿಗೂ ಅದರ ಪರಿಚಯವಿದೆ: ಲಿಗ್ನೊಕೇನ್. ಅದರ ಹುಟ್ಟು ಜವೆಗೋಧಿಯಲ್ಲಿ. 1930ರ ದಶಕದಲ್ಲಿ ಸ್ಟಾಕ್‌ಹೋಮಿನ ರಸಾಯನಶಾಸ್ತ್ರಜ್ಞರು ಒಂದು ಬಗೆಯ ಜವೆಗೋಧಿಯಲ್ಲಿ ಸಿಗುವ ಗ್ರಾಮೀನ್ ಎಂಬ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಲು ಹೊರಟಿದ್ದರು. ಹೋಲ್ಗರ್ ಎರ್ಡ್ಟ್‌ಮನ್ ಎಂಬಾತ ತಾನು ಮಾಡಿದ್ದನ್ನು ಆಗಿನ ರೂಢಿಯಂತೆ ನಾಲಗೆಗೆ ತಾಗಿಸಿ ನೋಡಿದ. ನಾಲಗೆ ಜೋಮು ಹಿಡಿಯಿತು. ಅದು ಗ್ರಾಮೀನ್ ಅಲ್ಲ, ಅದರ ದಾಯಾದಿ. ಆ ಜಾಡು ಹಿಡಿದು ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ಲಿಗ್ನೊಕೇನ್ ತಯಾರಿಸಿದರು. 1948ರಲ್ಲಿ ಝೈಲೋಕೇನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಬೆನ್ನಿಗೂ ಅದನ್ನು ದಶಕಗಟ್ಟಲೆ ಕೊಟ್ಟರು. ಬೇಗ ಹಿಡಿಯುತ್ತಿತ್ತು, ಒಂದೂವರೆ ಎರಡು ಗಂಟೆಯಲ್ಲಿ ಬಿಡುತ್ತಿತ್ತು. ಅಮೆರಿಕದಲ್ಲಿ ಸಂಜೆಗೆ ಮನೆಗೆ ಕಳಿಸುವ ಆಪರೇಷನ್ನುಗಳು ಹೆಚ್ಚಿದಂತೆ ಅದರ ಬೆಲೆಯೂ ಹೆಚ್ಚಿತು.

1991ರಲ್ಲಿ ಮೊದಲ ಬಿರುಕು ಕಂಡಿತು. ಬೆನ್ನಿನಲ್ಲಿ ಬಹಳ ತೆಳುವಾದ ನಳಿಗೆ ಇಟ್ಟು ಮತ್ತೆ ಮತ್ತೆ ಮದ್ದು ಕೊಡುತ್ತಿದ್ದ ಕೆಲವರಿಗೆ ಮಲಮೂತ್ರದ ಹಿಡಿತವೇ ತಪ್ಪಿ, ನರಗಳಿಗೆ ಉಳಿದುಹೋಗುವಂಥ ಪೆಟ್ಟು ಬಿದ್ದ ವರದಿ ಬಂತು. ಕಾರಣ ಜೋನಿಬೆಲ್ಲದ ಲೋಟದಲ್ಲೇ ಇದೆ. ಸೂಕ್ಷ್ಮ ನಳಿಗೆಯಿಂದ ನಿಧಾನವಾಗಿ ತೊಟ್ಟಿಕ್ಕಿದ ಶೇ 5ರ ಭಾರದ ಲಿಗ್ನೊಕೇನ್ ದ್ರವದಲ್ಲಿ ಬೆರೆಯದೆ ತಳದ ನರಗಳ ಸುತ್ತ ಕೆರೆಗಟ್ಟಿತ್ತು. ನೋವು ಹೋಗಲಿಲ್ಲವೆಂದು ಇನ್ನಷ್ಟು ಕೊಟ್ಟರು, ಅದೂ ಅದೇ ಕೆರೆಗೆ ಸೇರಿತು. 1992ರಲ್ಲಿ ಅಮೆರಿಕ ಆ ನಳಿಗೆಗಳನ್ನು ಮಾರುಕಟ್ಟೆಯಿಂದ ತೆಗೆಸಿತು.

ಅದು ನಳಿಗೆಯ ತಪ್ಪು ಎನ್ನಬಹುದಿತ್ತು. ಆದರೆ 1993ರಲ್ಲಿ, ಒಂದೇ ಬಾರಿ, ಮಾಮೂಲಿ ಪ್ರಮಾಣದಲ್ಲಿ ಲಿಗ್ನೊಕೇನ್ ಪಡೆದ ನಾಲ್ವರ ವಿಚಾರ ಪ್ರಕಟವಾಯಿತು. ಅರಿವಳಿಕೆ ಪೂರ್ತಿ ಇಳಿದು, ಚೆನ್ನಾಗಿ ಓಡಾಡಿ, ಆಮೇಲೆ ಇವರಿಗೆ ಪೃಷ್ಠದಿಂದ ತೊಡೆಗಿಳಿಯುವ ಸೆಳೆತದ ನೋವು ಶುರುವಾಗಿತ್ತು. ಹುಡುಕುತ್ತ ಹೋದರೆ ಇಂಥವರು ಬೇಕಾದಷ್ಟು ಮಂದಿ. 1998ರಲ್ಲಿ ಪ್ರಕಟವಾದ, 1,863 ರೋಗಿಗಳ ಸಮೀಕ್ಷೆಯೊಂದರಲ್ಲಿ ಲಿಗ್ನೊಕೇನ್ ಪಡೆದವರಲ್ಲಿ ಶೇ 11.9 ಮಂದಿಗೆ, ಬ್ಯುಪಿವಕೇನ್ ಪಡೆದವರಲ್ಲಿ ಶೇ 1.3 ಮಂದಿಗೆ ಈ ನೋವು ಕಂಡಿತ್ತು. ಕಾಲುಗಳನ್ನು ಎತ್ತಿ ಅಗಲಿಸಿ ಕಟ್ಟಿದ ಭಂಗಿಯಲ್ಲಿ ಆಪರೇಷನ್ನಾದವರಿಗೆ, ಅದೇ ದಿನ ಮನೆಗೆ ಹೋದವರಿಗೆ ಅಪಾಯ ಇನ್ನೂ ಹೆಚ್ಚು. ಅಂದರೆ ಯಾರಿಗೋಸ್ಕರ ಈ ಮದ್ದು ಹೇಳಿ ಮಾಡಿಸಿದಂತಿತ್ತೋ ಅವರನ್ನೇ ಅದು ಹೆಚ್ಚು ಕಾಡುತ್ತಿತ್ತು.

ಈ ನೋವು ಕೆಲವೇ ದಿನಗಳಲ್ಲಿ ತಾನಾಗಿ ಹೋಗುತ್ತದೆ, ಕಾಲಿನ ಬಲ ಕುಂದುವುದಿಲ್ಲ, ಪರೀಕ್ಷೆಯಲ್ಲಿ ನರ ಕೆಟ್ಟ ಗುರುತು ಸಿಗುವುದಿಲ್ಲ. ನಮ್ಮಲ್ಲಿ ಮನೆಮನೆಯಲ್ಲೂ ಕೇಳುವ ‘ಬೆನ್ನಿಗೆ ಸೂಜಿ ಹಾಕಿಸಿಕೊಂಡ ಮೇಲೆ ಜೀವಮಾನದ ಸೊಂಟನೋವು’ ಎಂಬ ದೂರೇ ಬೇರೆ, ಅದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಹೋಗಿಬಿಡುವ ನೋವಿಗೆ ಹೆದರಿ ಇಷ್ಟು ಒಳ್ಳೆಯ ಮದ್ದನ್ನು ಬಿಡಬೇಕಿತ್ತೇ ಎಂದು ಕೇಳುವ ವೈದ್ಯರು ಈಗಲೂ ಇದ್ದಾರೆ. ಆದರೆ ಮಂಡಿನೋವಿಗೆಂದು ಹೋದವನು ಮೂರು ದಿನ ತೊಡೆನೋವಿನಲ್ಲಿ ಹೊರಳಾಡಿದರೆ ‘ಇದು ಅಪಾಯಕಾರಿಯಲ್ಲ’ ಎಂಬ ಸಮಾಧಾನ ಅವನಿಗೇನು ಕೊಟ್ಟೀತು? ಲಿಗ್ನೊಕೇನ್ ಬೆನ್ನಿನಿಂದ ಮೆಲ್ಲಗೆ ಹಿಂದೆ ಸರಿಯಿತು. ಅದು ಬಿಟ್ಟ ಜಾಗಕ್ಕೆ ತಕ್ಕ ಮದ್ದು ಇರಲಿಲ್ಲ.

ಮೊದಲ ಉಪಾಯ ಯಾರಿಗೂ ಹೊಳೆಯುವಂಥದ್ದು: ಬ್ಯುಪಿವಕೇನನ್ನೇ ಕಡಿಮೆ ಮಾಡುವುದು. ಹದಿನೈದರ ಬದಲು ಐದೋ ಏಳೂವರೆಯೋ ಮಿಲಿಗ್ರಾಂ ಕೊಟ್ಟು, ನೋವು ತಡೆಯುವುದರಲ್ಲಿ ಬೀಳುವ ಕೊರತೆ ತುಂಬಲು ಫೆಂಟನಿಲ್ ಎಂಬ ನೋವುನಿವಾರಕವನ್ನು ಚೂರು ಸೇರಿಸುವುದು. ಒಂದೇ ಕಾಲಿನ ಕೆಲಸವಾದರೆ ಆ ಮಗ್ಗುಲಿಗೆ ಮಲಗಿಸಿ ಮದ್ದು ಆ ಕಡೆಗೇ ಇಳಿಯುವಂತೆ ನೋಡುವುದು. ಕೈಪಳಗಿದವರು ಇದರಲ್ಲಿ ಚೆನ್ನಾಗಿಯೇ ಗೆಲ್ಲುತ್ತಾರೆ. ತೊಂದರೆಯೆಂದರೆ ಒಬ್ಬೊಬ್ಬರ ಬೆನ್ನಿನಲ್ಲಿರುವ ದ್ರವದ ಅಳತೆ ಒಂದೊಂದು. ಅದೇ ಐದು ಮಿಲಿಗ್ರಾಂ ಒಬ್ಬರಿಗೆ ಧಾರಾಳ, ಇನ್ನೊಬ್ಬರಿಗೆ ಕತ್ತರಿ ಹಾಕುವಾಗಲೇ ಸಾಲದು. ಫೆಂಟನಿಲ್ಲಿಗೆ ಮೈ ತುರಿಕೆ ಬೇರೆ. ಯುರೋಪಿನವರು ಲೋಫ್‌ಗ್ರೆನ್ನನೇ ಮುಂದೆ ಕಂಡುಹಿಡಿದ ಪ್ರಿಲೊಕೇನನ್ನು ಸಕ್ಕರೆ ಬೆರೆಸಿ ಭಾರ ಮಾಡಿ ಬಳಸುತ್ತಾರೆ. 40ರಿಂದ 60 ಮಿಲಿಗ್ರಾಂ ಕೊಟ್ಟರೆ ಒಂದೂವರೆ ಗಂಟೆಯ ಕೆಲಸಕ್ಕೂ ಸಾಲುತ್ತದೆ, ತೊಡೆನೋವು ಅಪರೂಪ. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ರಕ್ತದ ಹಿಮೋಗ್ಲೋಬಿನ್ ಕೆಡಿಸುವ ಕೆಟ್ಟ ಹೆಸರು ಅದಕ್ಕಿದೆ, ಬೆನ್ನಿಗೆ ಕೊಡುವ ಇಷ್ಟಕ್ಕೆ ಆ ಭಯವಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಕ್ಲೋರೋಪ್ರೊಕೇನಿನ ಕಥೆ. ಜೈಲಿಗೆ ಹೋಗಿಬಂದವನ ಕಥೆ ಅದು. 1952ರಲ್ಲೇ ಬೆನ್ನಿಗೆ ಬಳಸಿ ನೋಡಿದ್ದ ಹಳೆಯ ಮದ್ದು. ರಕ್ತಕ್ಕೆ ಸೇರಿದ್ದೇ ತಡ, ಅಲ್ಲಿನ ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕ್ಷಣಾರ್ಧದಲ್ಲಿ ತುಂಡರಿಸುವುದರಿಂದ ಹೆರಿಗೆಯ ಎಪಿಡ್ಯೂರಲ್‌ಗಳಲ್ಲಿ ಮೆಚ್ಚುಗೆ ಗಳಿಸಿತ್ತು. ಎಪಿಡ್ಯೂರಲ್ ಎಂದರೆ ದ್ರವದ ಚೀಲದ ಹೊರಗೇ ಮದ್ದು ಬಿಡುವುದು, ಅದಕ್ಕೆ ಪ್ರಮಾಣ ಬಹಳ ಬೇಕು. ಶೇ 3ರ ಮದ್ದು 20 ಮಿ.ಲೀ. ಎಂದರೆ 600 ಮಿಲಿಗ್ರಾಂ. ಅಷ್ಟೊಂದು ಮದ್ದು ಕೈತಪ್ಪಿ ಚೀಲದ ಒಳಕ್ಕೇ ಹೋದ ಕೆಲವರಲ್ಲಿ ನರಗಳು ಶಾಶ್ವತವಾಗಿ ಕೆಟ್ಟ ವರದಿಗಳು 1980ರ ಆಸುಪಾಸಿನಲ್ಲಿ ಬಂದವು. ತನಿಖೆ ನಡೆದು ಬೆರಳು ತಿರುಗಿದ್ದು ಮದ್ದು ಕೆಡದಿರಲೆಂದು ಬೆರೆಸಿದ್ದ ಸೋಡಿಯಂ ಬೈಸಲ್ಫೈಟಿನ ಕಡೆಗೆ, ಆ ದ್ರಾವಣದ ಹುಳಿಯ ಕಡೆಗೆ. ಮೊಲಗಳ ಮೇಲಿನ ಪ್ರಯೋಗವೂ ಅದನ್ನೇ ಹೇಳಿತು. ಬೈಸಲ್ಫೈಟ್ ತೆಗೆದು ಇ.ಡಿ.ಟಿ.ಎ. ಹಾಕಿದರು. ಆಗ ಬೆನ್ನಿನ ಸ್ನಾಯು ಸೆಟೆದು ನೋಯತೊಡಗಿತು. ಕೊನೆಗೆ 1996ರಲ್ಲಿ ಏನನ್ನೂ ಬೆರೆಸದ ಶುದ್ಧ ಮದ್ದು ಬಂತು.

ಅದನ್ನು ಮತ್ತೆ ಬೆನ್ನಿಗೆ ಕೊಡುವ ಧೈರ್ಯ ಮಾಡಿದ್ದು ಅಮೆರಿಕದ ಸಿಯಾಟಲಿನ ಡಾನ್ ಕೊಪಾಕ್ಜ್ ಮತ್ತು ಸಂಗಡಿಗರು. ಆರೋಗ್ಯವಂತ ಸ್ವಯಂಸೇವಕರ ಮೇಲೆ ಸಾಲಾಗಿ ಪ್ರಯೋಗ ನಡೆಸಿದರು. 2004ರಲ್ಲಿ ಪ್ರಕಟವಾದ ಒಂದರಲ್ಲಿ ಎಂಟು ಮಂದಿಗೆ ಬೇರೆ ಬೇರೆ ದಿನ ಎರಡೂ ಮದ್ದು ಕೊಟ್ಟರು: ಒಮ್ಮೆ 40 ಮಿಲಿಗ್ರಾಂ ಲಿಗ್ನೊಕೇನ್, ಒಮ್ಮೆ 40 ಮಿಲಿಗ್ರಾಂ ಕ್ಲೋರೋಪ್ರೊಕೇನ್. ಎರಡೂ ಒಂದೇ ಸಮ ಮರಗಟ್ಟಿಸಿದವು. ಲಿಗ್ನೊಕೇನ್ ಸರಾಸರಿ 126 ನಿಮಿಷಕ್ಕೆ ಪೂರ್ತಿ ಇಳಿದರೆ ಕ್ಲೋರೋಪ್ರೊಕೇನ್ 103 ನಿಮಿಷಕ್ಕೇ ಇಳಿಯಿತು. ಲಿಗ್ನೊಕೇನ್ ಪಡೆದ ಎಂಟರಲ್ಲಿ ಏಳು ಮಂದಿಗೆ ತೊಡೆನೋವು ಬಂತು, ಕ್ಲೋರೋಪ್ರೊಕೇನ್ ಪಡೆದಾಗ ಒಬ್ಬರಿಗೂ ಇಲ್ಲ.

ಏನೂ ಕಾಯಿಲೆಯಿಲ್ಲದೆ ಬೆನ್ನು ಒಡ್ಡಿದ ಆ ಎಂಟು ಮಂದಿಯನ್ನು ನೆನೆದಾಗ ನನಗೆ ಕೀಲ್ ಪಟ್ಟಣ ನೆನಪಾಗುತ್ತದೆ. ಬೆನ್ನಿನ ಅರಿವಳಿಕೆ ಹುಟ್ಟಿದ್ದೇ ಜರ್ಮನಿಯ ಆ ಊರಲ್ಲಿ, 1898ರ ಆಗಸ್ಟಿನಲ್ಲಿ. ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯ ಕೆಲವು ರೋಗಿಗಳಿಗೆ ಬೆನ್ನಿನಲ್ಲಿ ಕೊಕೇನ್ ಕೊಟ್ಟು ಆಪರೇಷನ್ ಮಾಡಿದ್ದ. ಆಮೇಲೆ ಅವರಿಗೆ ಬಂದ ತಲೆನೋವು ಎಂಥದ್ದೆಂದು ತಿಳಿಯಲು ತನ್ನ ಮೇಲೇ ಪ್ರಯೋಗಕ್ಕಿಳಿದ. ಸಹಾಯಕ ಹಿಲ್ಡೆಬ್ರಾಂಟ್ ಬಿಯರನ ಬೆನ್ನಿಗೆ ಸೂಜಿ ಹಾಕಿದ, ಆದರೆ ಸಿರಿಂಜು ಸೂಜಿಗೆ ಕೂರಲಿಲ್ಲ, ದ್ರವ ಸುರಿದುಹೋಯಿತು, ಮದ್ದೂ ಚೆಲ್ಲಿತು. ಆಗ ಹಿಲ್ಡೆಬ್ರಾಂಟ್ ತಾನೇ ಕುಳಿತ. ಐದು ಮಿಲಿಗ್ರಾಂ ಕೊಕೇನ್ ಒಳಹೋದ ಮೇಲೆ ಬಿಯರ್ ಅವನ ತೊಡೆಗೆ ಸೂಜಿ ಚುಚ್ಚಿದ, ಉರಿಯುವ ಸಿಗಾರ್ ಇಟ್ಟ, ಕಬ್ಬಿಣದ ಸುತ್ತಿಗೆಯಿಂದ ಮೊಣಕಾಲ ಕೆಳಗಿನ ಮೂಳೆಗೆ ಹೊಡೆದ. ಹಿಲ್ಡೆಬ್ರಾಂಟ್ ಅಲುಗಲಿಲ್ಲ. ಇಬ್ಬರೂ ಸಂಭ್ರಮದಿಂದ ಊಟ ಮಾಡಿ, ವೈನು ಕುಡಿದು, ಸಿಗಾರ್ ಸೇದಿ ಮಲಗಿದರು. ಮರುದಿನದಿಂದ ಬಿಯರನಿಗೆ ಎದ್ದು ಕೂತರೆ ತಲೆ ಸಿಡಿಯುವ ನೋವು, ಒಂಬತ್ತು ದಿನ ಹಾಸಿಗೆ. ಹಿಲ್ಡೆಬ್ರಾಂಟನಿಗೆ ವಾಂತಿ, ತಲೆನೋವು, ಸುತ್ತಿಗೆ ಬಿದ್ದಲ್ಲೆಲ್ಲ ಕಪ್ಪುಕಲೆ. ಮದ್ದು ಇಳಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಈ ವಿದ್ಯೆಗೆ ಹುಟ್ಟಿದ ದಿನದಿಂದಲೂ ಅಂಟಿದೆ.

ಕ್ಲೋರೋಪ್ರೊಕೇನ್ ಪೂರ್ತಿ ನಿರ್ದೋಷಿಯೇ? ಸಿಯಾಟಲಿನ ಫಲಿತಾಂಶಗಳು ಬಂದ ವರ್ಷವೇ ಇಲಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗ ಕಥೆಯನ್ನು ತಿರುಗಿಸಿತು. ಬೈಸಲ್ಫೈಟ್ ಬಡಪಾಯಿ ಬಲಿಪಶು ಇರಬಹುದು, ಹೆಚ್ಚು ಪ್ರಮಾಣದಲ್ಲಿ ನರ ಕೆಡಿಸುವುದು ಮದ್ದೇ ಎಂದಿತು ಅದು. ಮೊಲ ಒಂದು ಹೇಳಿತು, ಇಲಿ ಇನ್ನೊಂದು ಹೇಳಿತು. ಎರಡು ಸಾಕ್ಷಿಗಳೂ ಒಪ್ಪುವ ಮಾತೆಂದರೆ ಅಳತೆ. ಆರುನೂರು ಮಿಲಿಗ್ರಾಮಿನ ಅನಾಹುತವನ್ನು ನಲವತ್ತೈವತ್ತು ಮಿಲಿಗ್ರಾಮಿನ ತಲೆಗೆ ಕಟ್ಟಲಾಗದು. ಶೇ 1ರ, ಐದು ಮಿ.ಲೀ. ಆಂಪೂಲಿನ, ಬೆನ್ನಿಗೆಂದೇ ತಯಾರಾದ ಕ್ಲೋರೋಪ್ರೊಕೇನಿಗೆ ಮೊದಲು ಯುರೋಪಿನಲ್ಲಿ, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಚಿನ ವರ್ಷಗಳಲ್ಲಿ ನಮ್ಮ ಆಸ್ಪತ್ರೆಗಳಿಗೂ ಅದು ಬಂದಿದೆ. ಷರತ್ತು ಒಂದಿದೆ: ನಲವತ್ತು ನಿಮಿಷ ಮೀರದ ಕೆಲಸಕ್ಕೆ ಮಾತ್ರ. ಶಸ್ತ್ರವೈದ್ಯರ ‘ಇನ್ನೈದು ನಿಮಿಷ’ ಎಂಬ ಮಾತನ್ನು ನಂಬುವ ಮದ್ದಲ್ಲ ಇದು.

ಇಲ್ಲಿ ದಕ್ಷಿಣ ಭಾರತದವರಿಗೇ ಸೇರಿದ ಒಂದು ಮಾತಿದೆ. ಕ್ಲೋರೋಪ್ರೊಕೇನನ್ನು ತುಂಡರಿಸುವ ಆ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಬಹಳ ಕಡಿಮೆ ಇರುತ್ತದೆ. ಪ್ರಪಂಚದಲ್ಲಿ ಅಪರೂಪವಾದ ಈ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಾಣುವುದನ್ನು ವೈದ್ಯರು ಗುರುತಿಸಿದ್ದಾರೆ. ಇವರಿಗೆ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಮದ್ದು ಕೊಟ್ಟರೆ ಕೆಲವೇ ನಿಮಿಷದಲ್ಲಿ ಮರಳಬೇಕಾದ ಉಸಿರಾಟ ಗಂಟೆಗಟ್ಟಲೆ ಮರಳದೆ ಹೋಗಬಹುದು. ಕ್ಲೋರೋಪ್ರೊಕೇನಿನ ವಿಷಯದಲ್ಲೂ ಎಚ್ಚರ ಬೇಕೆಂಬ ಸೂಚನೆ ಇದೆ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ‘ಆಪರೇಷನ್ ಆದ ಮೇಲೆ ಬಹಳ ಹೊತ್ತು ಉಸಿರು ಬರಲಿಲ್ಲ, ಮಷೀನಿನಲ್ಲಿ ಇಟ್ಟಿದ್ದರು’ ಎಂಬ ಕಥೆ ಇದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಅವರು ಹಾಗೆ ಕೇಳಿದರೆ ಜಾತಿ ಕೆದಕುತ್ತಿದ್ದಾರೆಂದು ಮುನಿಸಿಕೊಳ್ಳಬಾರದು.

ಇನ್ನು ನೇರ ಸ್ಪರ್ಧೆ. ಕೆನಡಾದ ವೈದ್ಯರು 2011ರಲ್ಲಿ 106 ಡೇ ಕೇರ್ ರೋಗಿಗಳ ಮೇಲೆ ಇದನ್ನು ನೋಡಿದರು: ಅರ್ಧ ಮಂದಿಗೆ 40 ಮಿಲಿಗ್ರಾಂ ಕ್ಲೋರೋಪ್ರೊಕೇನ್, ಉಳಿದವರಿಗೆ ಏಳೂವರೆ ಮಿಲಿಗ್ರಾಂ ಬ್ಯುಪಿವಕೇನ್. ಮೂತ್ರಕೋಶದ ನರಗಳ ಮಟ್ಟದವರೆಗೆ ಜೋಮು ಇಳಿಯಲು ಬ್ಯುಪಿವಕೇನಿಗೆ ಸರಾಸರಿ 329 ನಿಮಿಷ ಬೇಕಾದರೆ ಕ್ಲೋರೋಪ್ರೊಕೇನಿಗೆ 146 ನಿಮಿಷ. ಮೂರು ಗಂಟೆಯ ಅಂತರ. ಆದರೆ ಮನೆಗೆ ಹೋಗಲು ತಯಾರಾದ ಹೊತ್ತು? ಬ್ಯುಪಿವಕೇನಿನವರು 353 ನಿಮಿಷಕ್ಕೆ, ಕ್ಲೋರೋಪ್ರೊಕೇನಿನವರು 277 ನಿಮಿಷಕ್ಕೆ. ಉಳಿದದ್ದು 76 ನಿಮಿಷ ಮಾತ್ರ. ಮದ್ದು ಉಳಿಸಿಕೊಟ್ಟ ಮೂರು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಎಲ್ಲೋ ಸೋರಿಹೋಗಿತ್ತು. ನಾನು ಆ ಅಂಕಿಗಳನ್ನು ಎರಡು ಸಲ ಓದಿದೆ.

ಎಲ್ಲಿ ಸೋರಿತೆಂದು ಕೆನಡಾಕ್ಕೆ ಹೋಗಿ ಹುಡುಕುವ ಅಗತ್ಯ ನನಗೆ ಬೀಳಲಿಲ್ಲ. ಹರ್ನಿಯಾ ಆಗಿ ಎರಡು ವರ್ಷದ ಮೇಲೆ ಚಿಕ್ಕಪ್ಪ ತೋಟದ ಕಾದಿಗೆ ದಾಟುವಾಗ ಕಾಲು ತಿರುಚಿ, ಮಂಡಿಯೊಳಗಿನ ಗಾದಿ ಹರಿದುಕೊಂಡರು. ದುರ್ಬೀನು ಹಾಕಿ ಅರ್ಧ ಗಂಟೆಯಲ್ಲಿ ಸರಿಮಾಡುವ ಆಪರೇಷನ್. ಈ ಸಲ ಬೇರೆ ಆಸ್ಪತ್ರೆ. ಅರಿವಳಿಕೆಯ ಡಾಕ್ಟರಮ್ಮನಿಗೆ ಚಿಕ್ಕಪ್ಪ ಮೊದಲೇ ಹೇಳಿದರು: “ನೋಡಿ ತಾಯೀ, ಆ ಹೆವಿ ಮಾತ್ರ ಬೇಡ. ನನಗೆ ಐದರ ಬಸ್ಸು.” ಅವರು ನಕ್ಕು, “ಹೊಸದೊಂದಿದೆ ಯಜಮಾನ್ರೇ” ಎಂದರು.

ಬೆನ್ನಿಗೆ ಸೂಜಿ ಬಿದ್ದದ್ದು ಹನ್ನೊಂದಕ್ಕೆ. ಹನ್ನೆರಡೂ ಕಾಲಿಗೆ, ಯಾರೂ ಕೇಳುವ ಮೊದಲೇ, ಹೆಬ್ಬೆರಳು ಅಲ್ಲಾಡಿತು. ಎರಡಕ್ಕೆ ವಾಕರ್ ಹಿಡಿದು ಬಚ್ಚಲಿಗೆ ಹೋದರು. ಒಳಗಿನಿಂದ “ಆಯ್ತೋ!” ಎಂದು ಕೂಗಿದ್ದು ವಾರ್ಡಿಗೆಲ್ಲ ಕೇಳಿಸಿತು. ಎರಡೂವರೆಗೆ ಪಂಚೆ ಉಟ್ಟು, ಅಂಗಿ ಹಾಕಿ, ಮಂಚದಂಚಿಗೆ ಕೂತರು. ಮೂರಕ್ಕೆ ಡಿಸ್ಚಾರ್ಜ್ ಸಮ್ಮರಿ ಟೈಪಾಗುತ್ತಿದೆ ಎಂದರು. ಮೂರೂವರೆಗೆ ಫಾರ್ಮಸಿಯ ಬಿಲ್ಲು ಸೇರಿಲ್ಲ ಎಂದರು. ನಾಲ್ಕಕ್ಕೆ ಇನ್ಶೂರೆನ್ಸಿನವರ ಒಪ್ಪಿಗೆ ಬೆಂಗಳೂರಿನಿಂದ ಬರಬೇಕು ಎಂದರು. ನಾನು ಮೂರು ಕೌಂಟರುಗಳ ನಡುವೆ ಓಡಾಡುತ್ತಿದ್ದೆ. ಐದೂ ಹತ್ತಕ್ಕೆ ಚೀಟಿ ಹಿಡಿದು ಬಂದಾಗ ಚಿಕ್ಕಪ್ಪ ಆರಾಮಾಗಿ ಕಾಲು ತೂಗುತ್ತ, ಎರಡೂ ಹೆಬ್ಬೆರಳು ಕುಣಿಸುತ್ತ, ಪಕ್ಕದ ಹಾಸಿಗೆಯವರಿಗೆ ತೋರಿಸುತ್ತಿದ್ದರು.